ಮೂರು ಬಟನ್, ಒಂದು ಕೆಂಪು ಸಿಗ್ನಲ್: ಗೇಮ್‌ನಲ್ಲಿ ಜರ್ಮನ್ ರೈಲು ಓಡಿಸಿ ನಾನು ಕಲಿತದ್ದು

ಇವತ್ತಿನ ಎಪಿಸೋಡ್ ಶುರು ಮಾಡೋ ಮೊದಲು ಒಂದು ತಪ್ಪೊಪ್ಪಿಗೆ. ಹೋದ ವಾರ ರಾತ್ರಿ ಹನ್ನೊಂದೂವರೆಗೆ ನಾನು ಒಂದು ಪ್ಯಾಸೆಂಜರ್ ರೈಲನ್ನ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಓಡಿಸ್ತಾ ಇದ್ದೆ. ಪಕ್ಕದಲ್ಲಿದ್ದ ಫೋನ್ ಟಿಂಗ್ ಅಂತು. ಕಸಿನ್ ಮದುವೆ ಗ್ರೂಪಲ್ಲಿ ಯಾರೋ ಸೀರೆ ಫೋಟೋ ಹಾಕಿದ್ರು. ನೋಡಿದೆ. ನಾಲ್ಕೈದು ಸೆಕೆಂಡ್ ಆಗಿರಬಹುದು, ಅಷ್ಟೇ. ತಲೆ ಎತ್ತೋ ಹೊತ್ತಿಗೆ ಕ್ಯಾಬ್ ತುಂಬ ಅಲಾರಂ ಸದ್ದು, ಬ್ರೇಕ್ ತಾನಾಗೇ ಬಿದ್ದಿದೆ, ನಾನು ಯಾವ ಹ್ಯಾಂಡಲ್ ಎಳೆದ್ರೂ ರೈಲು ಮಾತು ಕೇಳ್ತಿಲ್ಲ. ಕಾಡಿನ ಮಧ್ಯೆ ಹೋಗಿ ನಿಂತೇಬಿಡ್ತು.

ಗಾಬರಿ ಬೇಡ, ಇದು ಗೇಮ್. ನಾನಿದ್ದದ್ದು ನನ್ನ ರೂಮಲ್ಲಿ, ಲ್ಯಾಪ್‌ಟಾಪ್ ಮುಂದೆ. ಆದ್ರೆ ಆ ರೈಲು ಯಾಕೆ ನಿಂತಿತು ಅಂತ ಹುಡುಕೋಕೆ ಹೋದವನು ಒಂದು ವಾರ ಅದರಲ್ಲೇ ಮುಳುಗಿಹೋದೆ. ಗೇಮ್‌ನಿಂದ ಶುರುವಾದದ್ದು ಜರ್ಮನಿಯ ಮೂರು ನಿಜವಾದ ಅಪಘಾತಗಳ ತನಕ ಹೋಯ್ತು. ಆಮೇಲೆ ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್‌ಗೂ ಬಂತು. ಅದನ್ನೇ ಇವತ್ತು ಹೇಳ್ತೀನಿ.

ಈ ಆಡ್-ಆನ್ ಅಂದ್ರೆ ಏನು?

ಗೇಮ್ ಹೆಸರು ಟ್ರೇನ್ ಸಿಮ್ ವರ್ಲ್ಡ್. ಬ್ರಿಟನ್ನಿನ ಡವ್‌ಟೇಲ್ ಗೇಮ್ಸ್ ಮಾಡಿದ್ದು. ಕಂಪ್ಯೂಟರ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಆಡಬಹುದು. ಇದರಲ್ಲಿ ಶತ್ರು ಇಲ್ಲ, ಗನ್ ಇಲ್ಲ, ರೇಸ್ ಇಲ್ಲ. ಒಂದು ನಿಜವಾದ ರೈಲು ಮಾರ್ಗ, ನಿಜವಾದ ಎಂಜಿನ್ನಿನ ನಕಲು, ಒಂದು ಟೈಮ್‌ಟೇಬಲ್. ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ರೈಲು ನಿಲ್ಲಿಸ್ಬೇಕು, ಬಾಗಿಲು ತೆಗೀಬೇಕು, ಮುಚ್ಚಬೇಕು, ಹೊರಡ್ಬೇಕು. ಕೇಳೋಕೆ ಬೋರ್ ಅನ್ಸುತ್ತೆ, ಗೊತ್ತು. ನನಗೂ ಹಾಗೇ ಅನ್ಸಿತ್ತು.

ಮೂಲ ಗೇಮ್ ಜೊತೆ ಕೆಲವು ಮಾರ್ಗ ಬರುತ್ತೆ. ಬೇರೆ ಮಾರ್ಗ ಬೇಕಂದ್ರೆ ದುಡ್ಡು ಕೊಟ್ಟು ಸೇರಿಸ್ಕೋಬೇಕು. ಅದೇ ಆಡ್-ಆನ್. ಸೇಲ್‌ನಲ್ಲಿ ಕಣ್ಣಿಗೆ ಬಿತ್ತು ಅಂತ ನಾನು ತಗೊಂಡದ್ದು ಮೈನ್-ಸ್ಪೆಸಾರ್ಟ್ ಬಾನ್. ಜರ್ಮನ್ ಭಾಷೇಲಿ ಬಾನ್ ಅಂದ್ರೆ ರೈಲು. ಮೈನ್ ಅನ್ನೋದು ನದಿ, ಸ್ಪೆಸಾರ್ಟ್ ಅನ್ನೋದು ಕಾಡುಗುಡ್ಡ. ಬವೇರಿಯಾ ರಾಜ್ಯದ ಆಶಾಫೆನ್‌ಬರ್ಗ್ ಊರಿಂದ ಗುಡ್ಡ ಹತ್ತಿ ಇಳಿದು, ನದಿ ದಡದ ಗೆಮುಂಡೆನ್ ತನಕ ಈ ಮಾರ್ಗ ಹೋಗುತ್ತೆ. ಫ್ರಾಂಕ್‌ಫರ್ಟ್ ಮತ್ತು ವುರ್ಜ್‌ಬರ್ಗ್ ನಡುವೆ ಓಡೋ ಪ್ರಾದೇಶಿಕ ರೈಲುಗಳ ದಾರಿ ಇದು. ಗೂಡ್ಸ್ ರೈಲುಗಳೂ ತುಂಬಾ.

ಗುಡ್ಡ ಎಷ್ಟು ಕಡಿದು ಅಂತ ನಮ್ಮ ಲೆಕ್ಕದಲ್ಲಿ ಹೇಳ್ತೀನಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯೋ ಘಾಟ್ ಸೆಕ್ಷನ್ ಇದ್ಯಲ್ಲ, ಅಲ್ಲಿ ಇಳಿಜಾರು 50ಕ್ಕೆ 1. ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಇಳಿದಿರ್ತೀರಿ. ಸ್ಪೆಸಾರ್ಟ್‌ನ ಹಳೇ ಹಳಿಯಲ್ಲೂ ಏರು ಹೆಚ್ಚುಕಡಿಮೆ ಅಷ್ಟೇ ಇತ್ತು. ಭಾರದ ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳೋಕೆ ಇನ್ನೊಂದು ಎಂಜಿನ್ ಹಾಕ್ತಿದ್ರು, ನಮ್ಮ ಘಾಟಲ್ಲಿ ಬ್ಯಾಂಕರ್ ಹಾಕೋ ಹಾಗೇನೇ. 2017ರಲ್ಲಿ ಸುರಂಗಗಳಿರೋ ಹೊಸ ಹಳಿ ಹಾಕಿ ಆ ಏರನ್ನ ತಪ್ಪಿಸಿದ್ರು.

ನನ್ನ ರೈಲು ಕೆಂಪು ಬಣ್ಣದ ಡಬಲ್ ಡೆಕ್ಕರ್. ಮೊದಲ ಎರಡು ದಿನ ಸುರಕ್ಷತಾ ವ್ಯವಸ್ಥೆ ಆಫ್ ಇಟ್ಕೊಂಡು ಆಡಿದೆ. ಗೇಮ್‌ನಲ್ಲಿ ಹಾಗೆ ಮಾಡಬಹುದು. ಆಗ ಅದು ಕಿಟಕಿ ಪಕ್ಕ ಕೂತು ಊರು ನೋಡೋ ಥರ, ಆರಾಮ್. ಮೂರನೇ ದಿನ ಎರಡು ಸ್ವಿಚ್ ಆನ್ ಮಾಡಿದೆ: ಒಂದು ಸಿಫಾ, ಇನ್ನೊಂದು ಪಿಝಡ್‌ಬಿ. ಅಲ್ಲಿಂದ ಆಟವೇ ಬೇರೆ ಆಯ್ತು.

ಸಿಫಾ: ನೀನು ಎದ್ದಿದ್ದೀಯಾ?

ಮೊದಲು ಸುಲಭದ್ದು. ಸಿಫಾ ಡ್ರೈವರ್‌ಗೆ ಕೇಳೋ ಪ್ರಶ್ನೆ ಒಂದೇ: ನೀನು ಎಚ್ಚರವಾಗಿದ್ದೀಯಾ? ಕಾಲಡಿ ಒಂದು ಪೆಡಲ್ ಇರುತ್ತೆ. ಅದನ್ನ ಒತ್ತಿಕೊಂಡೇ ಇರಬೇಕು, ಆದ್ರೆ ಸುಮಾರು 30 ಸೆಕೆಂಡಿಗೊಮ್ಮೆ ಒಂದು ಕ್ಷಣ ಬಿಟ್ಟು ಮತ್ತೆ ಒತ್ತಬೇಕು.

ಬಿಟ್ಟು ಒತ್ತೋದು ಯಾಕೆ? ಸುಮ್ಮನೆ ಒತ್ತಿಕೊಂಡಿದ್ರೆ ಸಾಕು ಅಂದ್ರೆ, ಡ್ರೈವರ್ ಪ್ರಜ್ಞೆ ತಪ್ಪಿದ್ರೂ ಕಾಲಿನ ಭಾರಕ್ಕೆ ಪೆಡಲ್ ಒತ್ತಿಕೊಂಡೇ ಇರಬಹುದಲ್ವಾ? ಅದಕ್ಕೇ ಬಿಟ್ಟು ಒತ್ತಿ ತೋರಿಸ್ಬೇಕು. ಮರೆತ್ರೆ ಮೊದಲು ದೀಪ ಹತ್ತುತ್ತೆ. ಎರಡೂವರೆ ಸೆಕೆಂಡ್ ಆದ್ಮೇಲೆ ಸದ್ದು. ಇನ್ನೂ ಎರಡೂವರೆ ಸೆಕೆಂಡ್ ಸುಮ್ಮನಿದ್ರೆ ಬ್ರೇಕ್.

ಗೇಮ್‌ನಲ್ಲಿ ಇದು ಒಂದು ಕೀ. ಅರ್ಧ ಗಂಟೆ ಆಡಿದ್ರೆ ಅಭ್ಯಾಸ ಆಗಿಬಿಡುತ್ತೆ. ತೊಂದರೆನೂ ಅಲ್ಲೇ ಇದೆ. ಮನಸ್ಸು ಎಲ್ಲೋ ಇದ್ರೂ ಬೆರಳು ತಾನಾಗೇ ಒತ್ತುತ್ತೆ. ಸೀರೆ ಫೋಟೋ ನೋಡ್ತಿದ್ದಾಗಲೂ ನಾನು ಸಿಫಾ ಒತ್ತಿದ್ದೆ! ಅಂದ್ರೆ ಎದ್ದಿದ್ದೀನಿ ಅನ್ನೋದು ಯಂತ್ರಕ್ಕೆ ಗೊತ್ತಾಯ್ತು. ಮುಂದೆ ನೋಡ್ತಿದ್ದೀನಾ ಅನ್ನೋದು ಗೊತ್ತಾಗ್ಲಿಲ್ಲ. ಅದನ್ನ ಹಿಡಿದದ್ದು ಪಿಝಡ್‌ಬಿ.

ಪಿಝಡ್‌ಬಿ: ಸಿಗ್ನಲ್ ನೋಡಿದ್ಯಾ?

ಇದು ಅರ್ಥ ಆಗ್ಬೇಕಂದ್ರೆ ಮೊದಲು ಒಂದು ಲೆಕ್ಕ. ಗಂಟೆಗೆ 120 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 33 ಮೀಟರ್. ಒಂದು ಕಿಲೋಮೀಟರ್ ದಾಟೋಕೆ ಬರೀ 30 ಸೆಕೆಂಡ್. ರೈಲಿಗೆ ಉಕ್ಕಿನ ಚಕ್ರ, ಕೆಳಗೆ ಉಕ್ಕಿನ ಹಳಿ. ಬೈಕ್ ಥರ ಗಕ್ಕನೆ ನಿಲ್ಲಲ್ಲ. ಕೆಂಪು ಸಿಗ್ನಲ್ ಕಣ್ಣಿಗೆ ಕಂಡ ಮೇಲೆ ಬ್ರೇಕ್ ಹಾಕಿದ್ರೆ ತಡ ಆಗಿರುತ್ತೆ.

ಅದಕ್ಕೇ ಮುಖ್ಯ ಸಿಗ್ನಲ್‌ಗಿಂತ ಮೊದಲು ಇನ್ನೊಂದು ಸಿಗ್ನಲ್ ಇಡ್ತಾರೆ. ಜರ್ಮನಿಯ ಮುಖ್ಯ ಮಾರ್ಗಗಳಲ್ಲಿ ಸಾಮಾನ್ಯವಾಗಿ 1000 ಮೀಟರ್ ಮೊದಲು. ಅದರ ಕೆಲಸ ಮುನ್ಸೂಚನೆ ಕೊಡೋದು: "ಮುಂದಿನದ್ದು ಕೆಂಪು ಇದೆ ಮಾರಾಯ, ಈಗಲೇ ಬ್ರೇಕ್ ಶುರು ಮಾಡು." ನಮ್ಮಲ್ಲೂ ಡಿಸ್ಟಂಟ್ ಸಿಗ್ನಲ್ ಅಂತ ಇದೆ, ಅದೇ ತತ್ವ.

ಈಗ ಪಿಝಡ್‌ಬಿ. ಹಳಿ ಪಕ್ಕದಲ್ಲಿ ಅಲ್ಲಲ್ಲಿ ಮ್ಯಾಗ್ನೆಟ್ ಪೆಟ್ಟಿಗೆ ಕೂರಿಸಿರ್ತಾರೆ. ಎಂಜಿನ್ನಿನ ಕೆಳಗೂ ಒಂದು ಇರುತ್ತೆ. ಒಂದರ ಪಕ್ಕ ಇನ್ನೊಂದು ಹಾದುಹೋದಾಗ ಹಳಿಯ ಕಡೆಯಿಂದ ಎಂಜಿನ್ನಿಗೆ ಸುದ್ದಿ ಸಿಗುತ್ತೆ. ಇದರ ಮೂಲ ರೂಪ 1930ರ ದಶಕದ್ದು. ಆಗ ಇಂಡೂಸಿ ಅಂತಿದ್ರು. ಮೂರು ಬಗೆಯ ಮ್ಯಾಗ್ನೆಟ್, ಮೂರು ಫ್ರೀಕ್ವೆನ್ಸಿ.

ಮೊದಲನೆಯದು 1000 ಹರ್ಟ್ಸ್. ಮುನ್ಸೂಚನೆ ಸಿಗ್ನಲ್ ಹತ್ತಿರ ಇರುತ್ತೆ. ಸಿಗ್ನಲ್ ಎಚ್ಚರಿಕೆ ತೋರಿಸ್ತಿದ್ರೆ, ಅದನ್ನ ದಾಟಿದ 4 ಸೆಕೆಂಡ್ ಒಳಗೆ ಡ್ರೈವರ್ ಒಂದು ಬಟನ್ ಒತ್ತಿ "ನೋಡಿದೆ" ಅನ್ನಬೇಕು. ಅದಾದ್ಮೇಲೆ ಯಂತ್ರ ವೇಗದ ಮೇಲೆ ಕಣ್ಣಿಡುತ್ತೆ. ನನ್ನಂಥ ಪ್ಯಾಸೆಂಜರ್ ರೈಲಾದ್ರೆ 23 ಸೆಕೆಂಡಲ್ಲಿ ವೇಗ 85ಕ್ಕೆ ಇಳಿದಿರಬೇಕು. ಬಟನ್ ಒತ್ತಿದೆ, ಆದ್ರೆ ಬ್ರೇಕ್ ಹಾಕಲಿಲ್ಲ ಅಂದ್ರೆ ಯಂತ್ರವೇ ಹಾಕುತ್ತೆ.

ಎರಡನೆಯದು 500 ಹರ್ಟ್ಸ್. ಮುಖ್ಯ ಸಿಗ್ನಲ್‌ಗೆ ಸುಮಾರು 250 ಮೀಟರ್ ಇರುವಾಗ. ಅಲ್ಲಿ ವೇಗ 65 ದಾಟಿರಬಾರದು. ಮುಂದಿನ 153 ಮೀಟರಲ್ಲಿ ಅದು 45ಕ್ಕೆ ಇಳೀಬೇಕು.

ಮೂರನೆಯದು 2000 ಹರ್ಟ್ಸ್. ಮುಖ್ಯ ಸಿಗ್ನಲ್ ಹತ್ತಿರಾನೇ. ಕೆಂಪು ಇದ್ದಾಗ ಅದನ್ನ ದಾಟಿದ್ರೆ ಮಾತಿಲ್ಲ ಕತೆಯಿಲ್ಲ, ತುರ್ತು ಬ್ರೇಕ್.

ನನಗೆ ತುಂಬಾ ಇಷ್ಟ ಆದದ್ದು ಒಂದು ವಿಷಯ. ಹಳಿ ಪಕ್ಕದ ಆ ಮ್ಯಾಗ್ನೆಟ್‌ಗೆ ಕರೆಂಟ್ ಬೇಕಾಗಿಲ್ಲ. ಎಂಜಿನ್ನಿನಿಂದ ಬರೋ ಅಲೆಗೇ ಅದು ಸ್ಪಂದಿಸುತ್ತೆ. ಸಿಗ್ನಲ್ ಹಸಿರಾದಾಗ ಮಾತ್ರ ಒಂದು ಸಂಪರ್ಕ ಸೇರಿಸಿ ಅದನ್ನ "ಸುಮ್ಮನಿರು" ಅಂತ ಮಾಡ್ತಾರೆ. ಅಂದ್ರೆ ವೈರ್ ತುಂಡಾದ್ರೆ ಮ್ಯಾಗ್ನೆಟ್ ಕೆಲಸ ನಿಲ್ಲಿಸಲ್ಲ, ರೈಲನ್ನ ನಿಲ್ಲಿಸುತ್ತೆ. ಕೆಟ್ಟರೂ ಸುರಕ್ಷತೆಯ ಕಡೆಗೇ ಕೆಡಬೇಕು ಅನ್ನೋ ಯೋಚನೆ ಅದು.

ಈಗ ನನ್ನ ಕತೆಗೆ ವಾಪಸ್ ಬನ್ನಿ. ಸೀರೆ ನೋಡ್ತಿದ್ದಾಗ ನಾನು ದಾಟಿದ್ದು ಒಂದು 1000 ಹರ್ಟ್ಸ್ ಮ್ಯಾಗ್ನೆಟ್. 4 ಸೆಕೆಂಡ್ ಕಳೀತು, ಬಟನ್ ಒತ್ತಲಿಲ್ಲ. ಅಷ್ಟರಲ್ಲಿ ರೈಲು 130 ಮೀಟರ್ ಮುಂದೆ ಹೋಗಿತ್ತು. ಯಂತ್ರ ತೀರ್ಮಾನ ಮಾಡ್ತು: ಇವನು ನೋಡಿಲ್ಲ. ಸರಿಯಾಗೇ ತೀರ್ಮಾನ ಮಾಡ್ತು.

45ರ ಬಲೆ

ಮಾರನೇ ದಿನ ಫೋನ್ ದೂರ ಇಟ್ಟು ಕೂತೆ. ಹಳದಿ ನೋಡಿದೆ, ಬಟನ್ ಒತ್ತಿದೆ, ಬ್ರೇಕ್ ಹಾಕಿದೆ, ಸ್ಟೇಷನ್‌ನಲ್ಲಿ ಚೆನ್ನಾಗಿ ನಿಲ್ಲಿಸಿದೆ. ಜನ ಹತ್ತಿದ್ರು. ಮುಂದಿನ ಸಿಗ್ನಲ್ ಹಸಿರಾಯ್ತು. ನಾನು ಖುಷಿಯಲ್ಲಿ ವೇಗ ಹೆಚ್ಚಿಸಿದೆ. 45 ದಾಟ್ತಿದ್ದ ಹಾಗೇ ಮತ್ತೆ ತುರ್ತು ಬ್ರೇಕ್!

ನನಗೆ ನಿಜವಾಗ್ಲೂ ಸಿಟ್ಟು ಬಂತು. ಸಿಗ್ನಲ್ ಹಸಿರಿದೆ, ನಾನು ಕಣ್ಣಾರೆ ನೋಡ್ತಿದ್ದೀನಿ, ಮತ್ಯಾಕೆ?

ಆಮೇಲೆ ಗೊತ್ತಾಯ್ತು. ಎಚ್ಚರಿಕೆಯ ಮ್ಯಾಗ್ನೆಟ್ ದಾಟಿದ ಮೇಲೆ ರೈಲು ನಿಂತರೆ, ಅಥವಾ 15 ಸೆಕೆಂಡ್ 10ಕ್ಕಿಂತ ಕಡಿಮೆ ವೇಗದಲ್ಲಿ ತೆವಳಿದರೆ, ಯಂತ್ರ ಇನ್ನೂ ಬಿಗಿಯಾಗುತ್ತೆ. ಡ್ಯಾಶ್‌ಬೋರ್ಡಲ್ಲಿ 70, 85 ಅಂತ ಬರೆದಿರೋ ಎರಡು ನೀಲಿ ದೀಪ ಒಂದಾದ ಮೇಲೊಂದು ಮಿನುಗೋಕೆ ಶುರುವಾಗುತ್ತೆ. ಅದರ ಅರ್ಥ: 45 ದಾಟಬೇಡ. ಆ ಎಚ್ಚರಿಕೆ ಮ್ಯಾಗ್ನೆಟ್‌ನಿಂದ 1250 ಮೀಟರ್ ಮುಗಿಯೋ ತನಕ ಈ ಕಾವಲು ಇರುತ್ತೆ. 700 ಮೀಟರ್ ಆದ್ಮೇಲೆ, ಸಿಗ್ನಲ್ ಹಸಿರಿದ್ರೆ, ಡ್ರೈವರ್ ಎರಡನೇ ಬಟನ್ ಒತ್ತಿ ಬಿಡಿಸ್ಕೋಬಹುದು. ಆದ್ರೆ ಬಿಡಿಸ್ಕೊಂಡ ಮೇಲೆ ಮುಂದೆ 500 ಹರ್ಟ್ಸ್ ಮ್ಯಾಗ್ನೆಟ್ ಜೀವಂತವಾಗಿ ಸಿಕ್ಕಿತೋ, ಅಂದ್ರೆ ಸಿಗ್ನಲ್ ನಿಜಕ್ಕೂ ಕೆಂಪೇ ಇತ್ತೋ, ತಕ್ಷಣ ಬ್ರೇಕ್. ಸುಳ್ಳು ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲ.

ಇಷ್ಟು ಅನುಮಾನ ಯಾಕೆ? ಇದರ ಹಿಂದೆ ಒಂದು ಊರಿದೆ. ಫ್ರಾಂಕ್‌ಫರ್ಟ್ ಹತ್ತಿರದ ರುಸೆಲ್ಸ್‌ಹೈಮ್. 1990ರ ಫೆಬ್ರವರಿ 2ರಂದು ಅಲ್ಲಿ ಒಂದು ಲೋಕಲ್ ರೈಲು ಕೆಂಪು ಸಿಗ್ನಲ್ ದಾಟಿ ಎದುರಿನ ರೈಲಿಗೆ ಡಿಕ್ಕಿ ಹೊಡೀತು. 17 ಜನ ಸತ್ತರು. ಕೆಂಪು ಸಿಗ್ನಲ್ ಹತ್ತಿರ ರೈಲನ್ನ ಹಿಡಿಯೋದಷ್ಟೇ ಸಾಲದು, ಅಷ್ಟು ಹೊತ್ತಿಗೆ ವೇಗ ಜಾಸ್ತಿ ಆಗಿದ್ರೆ ಬ್ರೇಕ್ ಬಿದ್ದೂ ಪ್ರಯೋಜನ ಇಲ್ಲ ಅನ್ನೋ ಪಾಠ ಅದು. ಹಳದಿ ನೋಡಿ ನಿಧಾನ ಮಾಡಿದ ಡ್ರೈವರ್, ಮಧ್ಯೆ ಮರೆತು ಮತ್ತೆ ವೇಗ ಏರಿಸಬಾರದು. ಆಮೇಲೆ ಬಂದ ಪಿಝಡ್‌ಬಿ 90 ಅನ್ನೋ ಸುಧಾರಿತ ರೂಪ ಮಾಡೋದು ಇದನ್ನೇ.

ನಾವು ಮನೇಲಿ ಕೂತು "ಏನಿದು ಕಿರಿಕಿರಿ" ಅಂತ ಬೈಯೋ ಆ 45ರ ಮಿತಿ ಹುಟ್ಟಿದ್ದು ಹಾಗೆ. ಇದನ್ನ ಓದಿದ ಮೇಲೆ ಆ ನೀಲಿ ದೀಪ ಮಿನುಗಿದಾಗ ನನಗೆ ಸಿಟ್ಟು ಬಂದಿಲ್ಲ.

ಮ್ಯಾಗ್ನೆಟ್ ಇಲ್ಲದ ಹಳಿ

ಇದೆಲ್ಲ ಇದ್ರೆ ಮತ್ತೆ ಅಪಘಾತ ಆಗಲ್ವಾ ಅಂತ ಕೇಳಬಹುದು. ಮೊದಲ ಉತ್ತರ: ಎಲ್ಲ ಕಡೆ ಇರಬೇಕಲ್ಲ!

2011ರ ಜನವರಿ 29ರ ರಾತ್ರಿ, ಪೂರ್ವ ಜರ್ಮನಿಯ ಸ್ಯಾಕ್ಸನಿ-ಅನ್‌ಹಾಲ್ಟ್ ರಾಜ್ಯದ ಹೋರ್ಡೋರ್ಫ್. ಒಂಟಿ ಹಳಿ. ಗೂಡ್ಸ್ ರೈಲೊಂದು ಕೆಂಪು ಸಿಗ್ನಲ್ ದಾಟಿ ಬಂದು ಪ್ಯಾಸೆಂಜರ್ ರೈಲಿಗೆ ಡಿಕ್ಕಿ ಹೊಡೀತು. 10 ಜನ ಸತ್ತರು. ಅಲ್ಲಿ ಪಿಝಡ್‌ಬಿ ಇನ್ನೂ ಹಾಕಿರಲಿಲ್ಲ. 1930ರ ದಶಕದಿಂದ ಇರೋ ತಂತ್ರಜ್ಞಾನ, 2011ರಲ್ಲಿ ಆ ಹಳಿಗೆ ತಲುಪಿರಲಿಲ್ಲ. ಕೆಂಪಿನ ಹತ್ತಿರ ಆ 2000 ಹರ್ಟ್ಸ್ ಪೆಟ್ಟಿಗೆ ಒಂದು ಇದ್ದಿದ್ರೆ ಬ್ರೇಕ್ ತಾನಾಗೇ ಬೀಳ್ತಿತ್ತು. ಈ ಘಟನೆ ಆದ್ಮೇಲೆ ಜರ್ಮನಿ ನಿಯಮ ಬಿಗಿ ಮಾಡ್ತು.

ಗೇಮ್‌ನಲ್ಲಿ ನಾನು ಮೊದಲ ಎರಡು ದಿನ ಸ್ವಿಚ್ ಆಫ್ ಮಾಡಿ ಓಡಿಸಿದ್ದೆ ಅಂದ್ನಲ್ಲ. ಆ ಹಳಿ ಹೆಚ್ಚುಕಡಿಮೆ ಹಾಗೇ ಇತ್ತು. ಸಿಗ್ನಲ್ ಇದೆ, ಡ್ರೈವರ್ ಇದ್ದಾನೆ, ನಡುವೆ ಪರೀಕ್ಷಿಸೋರು ಯಾರೂ ಇಲ್ಲ.

ಮೂರನೇ ಬಟನ್

ಇಲ್ಲಿ ತನಕ ಎರಡು ಬಟನ್ ಹೇಳಿದೆ. "ನೋಡಿದೆ" ಅನ್ನೋದಕ್ಕೆ ಒಂದು, ಬಿಡಿಸ್ಕೊಳ್ಳೋಕೆ ಒಂದು. ಮೂರನೇದರ ಹೆಸರು ಬೆಫೇಲ್. ಜರ್ಮನ್‌ನಲ್ಲಿ ಬೆಫೇಲ್ ಅಂದ್ರೆ ಆಜ್ಞೆ, ಆದೇಶ.

ಕೆಲವೊಮ್ಮೆ ಸಿಗ್ನಲ್ ಕೆಟ್ಟು ಕೆಂಪಲ್ಲೇ ನಿಂತುಬಿಡುತ್ತೆ. ಹಾಗಂತ ರೈಲು ದಿನವಿಡೀ ನಿಲ್ಲೋಕಾಗಲ್ಲ. ಆಗ ಸಿಗ್ನಲ್ ನೋಡಿಕೊಳ್ಳೋ ಅಧಿಕಾರಿ, ನಮ್ಮ ಸ್ಟೇಷನ್ ಮಾಸ್ಟರ್ ಥರದವರು, "ಕೆಂಪು ಇದ್ರೂ ದಾಟು, ನಾನು ಹೇಳ್ತಿದ್ದೀನಿ" ಅಂತ ಆದೇಶ ಕೊಡ್ತಾರೆ. ಅದಕ್ಕೆ ಒಂದು ವಿಶೇಷ ಸಿಗ್ನಲ್ಲೂ ಇದೆ: ತ್ರಿಕೋನಾಕಾರದ ಮೂರು ಬಿಳಿ ದೀಪ, ಅಥವಾ ಮಿನುಗೋ ಒಂದು ಬಿಳಿ ದೀಪ. ಅದು ಕಂಡರೆ ಡ್ರೈವರ್ ಬೆಫೇಲ್ ಬಟನ್ ಒತ್ತಿಕೊಂಡು, 40 ಮೀರದ ವೇಗದಲ್ಲಿ, ಕೆಂಪನ್ನ ದಾಟಬಹುದು. 2000 ಹರ್ಟ್ಸ್ ಮ್ಯಾಗ್ನೆಟ್ ಸುಮ್ಮನಿರುತ್ತೆ.

ಗೇಮ್‌ನಲ್ಲೂ ಈ ಬಟನ್ ಇದೆ. ಮೊದಲ ಸಲ ನೋಡಿದಾಗ ನನಗೆ ಅನ್ಸಿದ್ದು: ಅರೆ, ಚೀಟ್ ಕೋಡ್!

ನಾನು ಬಿ.ಕಾಂ. ಮಾಡಿದವನು. ಆಡಿಟಿಂಗ್ ಪೇಪರ್‌ನಲ್ಲಿ ಒಂದು ಪಾಠ ಇತ್ತು. ಕಂಪನಿಯಲ್ಲಿ ಎಷ್ಟೇ ಚೆಂದದ ನಿಯಂತ್ರಣ ಇಡಿ, ಒಬ್ಬ ಎಂಟ್ರಿ ಹಾಕಬೇಕು, ಇನ್ನೊಬ್ಬ ಪರಿಶೀಲಿಸಬೇಕು, ಮೂರನೆಯವನು ಸಹಿ ಹಾಕಬೇಕು ಅಂತ. ಆದರೆ "ಪರವಾಗಿಲ್ಲ, ನಾನು ಹೇಳ್ತೀನಿ, ಪಾಸ್ ಮಾಡು" ಅನ್ನೋ ಅಧಿಕಾರ ಇರೋ ಒಬ್ಬ ಮೇಲೆ ಕೂತಿದ್ರೆ, ಅಲ್ಲಿ ಅಷ್ಟೂ ನಿಯಂತ್ರಣ ಬದಿಗೆ ಸರಿಯುತ್ತೆ. ಆ ಅಧಿಕಾರ ಬೇಕು, ಇಲ್ಲದಿದ್ರೆ ಕೆಲಸ ನಡೆಯಲ್ಲ. ಆದ್ರೆ ಆಡಿಟರ್ ಮೊದಲು ಕಣ್ಣಿಡಬೇಕಾದ ಜಾಗಾನೂ ಅದೇ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆದದ್ದು ಈ ಬಟನ್ ನೋಡಿದ ಮೇಲೆ.

2016ರ ಫೆಬ್ರವರಿ 9, ಮಂಗಳವಾರ. ಇದೂ ಬವೇರಿಯಾದಲ್ಲೇ, ಬಾಡ್ ಐಬ್ಲಿಂಗ್ ಅನ್ನೋ ಊರು. ಬೆಳಗ್ಗೆ ಏಳಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಂಟಿ ಹಳಿ. ಎರಡು ಪ್ಯಾಸೆಂಜರ್ ರೈಲು ಎದುರುಬದುರಾಗಿ ಬಂದು, ಒಂದು ತಿರುವಿನಲ್ಲಿ ಮುಖಾಮುಖಿ ಡಿಕ್ಕಿ. 12 ಜನ ಸತ್ತರು, 80ಕ್ಕೂ ಹೆಚ್ಚು ಜನಕ್ಕೆ ಗಾಯ. ಆ ವಾರ ಹಬ್ಬದ ರಜೆ ಇತ್ತು. ಇಲ್ಲದಿದ್ರೆ ಆ ಹೊತ್ತಿಗೆ ರೈಲು ತುಂಬ ಶಾಲೆ ಮಕ್ಕಳಿರ್ತಿದ್ರು.

ಅಲ್ಲಿ ಪಿಝಡ್‌ಬಿ ಇತ್ತು. ಕೆಲಸಾನೂ ಮಾಡ್ತಿತ್ತು. ಡ್ರೈವರ್‌ಗಳು ತಪ್ಪು ಮಾಡಿರಲಿಲ್ಲ. ಸಿಗ್ನಲ್ ನೋಡಿಕೊಳ್ಳೋ ಅಧಿಕಾರಿ ಲೆಕ್ಕ ತಪ್ಪಿ, ಆ ಬಿಳಿ ದೀಪದ ಸಿಗ್ನಲ್ ಕೊಟ್ಟಿದ್ದ. ಆದೇಶ ಬಂದ ಮೇಲೆ ಡ್ರೈವರ್ ನಿಯಮದ ಪ್ರಕಾರವೇ ದಾಟಿದ. ಯಂತ್ರಾನೂ ನಿಯಮದ ಪ್ರಕಾರವೇ ಸುಮ್ಮನಿತ್ತು. ತಪ್ಪು ಗೊತ್ತಾದಾಗ ಅಧಿಕಾರಿ ತುರ್ತು ಕರೆ ಮಾಡಿದ, ಆದ್ರೆ ಗಾಬರಿಯಲ್ಲಿ ಒತ್ತಿದ್ದು ತಪ್ಪು ಬಟನ್. ಮೊದಲ ಕರೆ ರೈಲುಗಳಿಗೆ ತಲುಪಲೇ ಇಲ್ಲ.

ಅವನ ಗಮನ ಎಲ್ಲಿತ್ತು ಗೊತ್ತಾ? ಫೋನ್‌ನಲ್ಲಿ. ಡ್ಯೂಟಿಯಲ್ಲಿ ಅದಕ್ಕೆ ಅನುಮತಿ ಇರಲಿಲ್ಲ. ಆದ್ರೂ ಗೇಮ್ ಆಡ್ತಿದ್ದ. 2016ರ ಡಿಸೆಂಬರ್‌ನಲ್ಲಿ ಕೋರ್ಟ್ ಅವನಿಗೆ ಮೂರೂವರೆ ವರ್ಷ ಜೈಲು ಶಿಕ್ಷೆ ಕೊಡ್ತು.

ಇದನ್ನ ಓದಿದಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಪಾಸ್ ಆಗಿ ನಿಂತಿತ್ತು. ಸ್ವಲ್ಪ ಹೊತ್ತು ಮುಂದೆ ಆಡೋಕಾಗಲಿಲ್ಲ. ನಾನು ಆಟದ ಮಧ್ಯೆ ಫೋನ್ ನೋಡಿ ರೈಲು ನಿಲ್ಲಿಸಿಕೊಂಡೆ. ಅವನು ಕೆಲಸದ ಮಧ್ಯೆ ಫೋನಲ್ಲಿ ಆಟ ಆಡ್ದ. ನನ್ನನ್ನ ಹಿಡಿಯೋಕೆ ಒಂದು ಮ್ಯಾಗ್ನೆಟ್ ಇತ್ತು. ಅವನು ಕೂತಿದ್ದ ಕುರ್ಚಿಯ ಕೆಳಗೆ ಅಂಥ ಮ್ಯಾಗ್ನೆಟ್ ಇರಲಿಲ್ಲ.

ವಾಡಿಯಿಂದ ಕವಚ್

ಇದೆಲ್ಲ ಜರ್ಮನಿ ಕತೆ, ನಮಗೇನು ಅಂತ ಕೇಳಿದ್ರೆ, ಒಂದು ನಿಜವಾದ ಕೊಂಡಿ ಇದೆ. ಕೆಂಪು ಸಿಗ್ನಲ್ ದಾಟಿದ್ರೆ, ವೇಗ ಮೀರಿದ್ರೆ ತಾನಾಗೇ ಬ್ರೇಕ್ ಹಾಕೋ ನಮ್ಮದೇ ವ್ಯವಸ್ಥೆಯ ಹೆಸರು ಕವಚ್. ಹೆಸರು ನೀವು ನ್ಯೂಸಲ್ಲಿ ಕೇಳಿರ್ತೀರಿ. ಪ್ಯಾಸೆಂಜರ್ ರೈಲಲ್ಲಿ ಅದರ ಮೊದಲ ಪ್ರಯೋಗ ಶುರುವಾದದ್ದು 2016ರ ಫೆಬ್ರವರಿಯಲ್ಲಿ, ಬಾಡ್ ಐಬ್ಲಿಂಗ್ ಅಪಘಾತ ಆದ ಅದೇ ತಿಂಗಳು. ದಕ್ಷಿಣ ಮಧ್ಯ ರೈಲ್ವೆಯ ಸುಮಾರು 250 ಕಿಲೋಮೀಟರ್ ಪ್ರಾಯೋಗಿಕ ಮಾರ್ಗದಲ್ಲಿ ನಮ್ಮ ವಾಡಿಯಿಂದ ವಿಕಾರಾಬಾದ್ ಕಡೆ ಹೋಗೋ ಹಳಿ ಮತ್ತು ಬೀದರ್ ಹಳಿ ಎರಡೂ ಸೇರಿದ್ವು. ಚಿತ್ತಾಪುರ, ಸೇಡಂ ಕಡೆಯವರು ಇದನ್ನ ಕೇಳ್ತಿದ್ರೆ, ಇದು ನಿಮ್ಮೂರ ಹಳಿಯ ಕತೆ. 2020ರಲ್ಲಿ ಕವಚ್ ದೇಶದ ಅಧಿಕೃತ ರೈಲು ರಕ್ಷಣಾ ವ್ಯವಸ್ಥೆ ಆಯ್ತು.

ವಿಧಾನದಲ್ಲಿ ವ್ಯತ್ಯಾಸ ಇದೆ. ಪಿಝಡ್‌ಬಿ ಮಾತಾಡೋದು ಮ್ಯಾಗ್ನೆಟ್ ಇರೋ ಜಾಗದಲ್ಲಿ ಮಾತ್ರ. ಅದರ ಜರ್ಮನ್ ಹೆಸರಿನ ಮೊದಲ ಪದದ ಅರ್ಥಾನೇ "ಬಿಂದುರೂಪದ", ಅಲ್ಲೊಂದು ಇಲ್ಲೊಂದು ಅಂತ. ಕವಚ್‌ನಲ್ಲಿ ಹಳಿಯ ಮೇಲೆ ಟ್ಯಾಗ್ ಇರುತ್ತೆ, ಜೊತೆಗೆ ರೇಡಿಯೋ ಮೂಲಕ ಸ್ಟೇಷನ್ ಮತ್ತು ಎಂಜಿನ್ ಮಾತಾಡ್ತಾ ಇರ್ತವೆ. ಮುಂದಿನ ಸಿಗ್ನಲ್ ಏನಿದೆ ಅಂತ ಲೋಕೋ ಪೈಲಟ್‌ಗೆ ಕ್ಯಾಬ್ ಒಳಗೇ ಕಾಣುತ್ತೆ. ಮಂಜು ಮುಸುಕಿದ ರಾತ್ರಿಯಲ್ಲಿ ಇದು ದೊಡ್ಡ ಉಪಕಾರ.

ಇನ್ನೊಂದು ವ್ಯತ್ಯಾಸ. ಜರ್ಮನಿಯಲ್ಲಿ ಕ್ಯಾಬ್ ಒಳಗೆ ಸಾಮಾನ್ಯವಾಗಿ ಒಬ್ಬರೇ. ನಮ್ಮಲ್ಲಿ ಲೋಕೋ ಪೈಲಟ್ ಜೊತೆ ಸಹಾಯಕರೂ ಇರ್ತಾರೆ. ಪ್ರತಿ ಸಿಗ್ನಲ್ ಕಂಡಾಗ ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಗಟ್ಟಿಯಾಗಿ ಅದನ್ನೇ ಮತ್ತೆ ಹೇಳಬೇಕು. ಆ ಕೂಗಿನ ಉದ್ದೇಶಾನೂ "ನೋಡಿದೆ" ಬಟನ್ನಿನ ಉದ್ದೇಶಾನೂ ಒಂದೇ.

ಯಾವ ವ್ಯವಸ್ಥೆ ಹಾಕಿದ್ರೂ ಹಳಿ ಪೂರ್ತಿ ಹಾಕಬೇಕು ಅನ್ನೋದು ಹೋರ್ಡೋರ್ಫ್ ಪಾಠ. ಹಾಕಿದ ಮೇಲೂ "ದಾಟು" ಅನ್ನೋ ಅಧಿಕಾರ ಇರೋ ಮನುಷ್ಯನ ಗಮನ ಮುಖ್ಯ ಅನ್ನೋದು ಬಾಡ್ ಐಬ್ಲಿಂಗ್ ಪಾಠ. ಎರಡೂ ನಮಗೂ ಲಾಗು.

ನೀವೂ ಆಡಿ ನೋಡ್ತೀರಾ?

ಆಡೋ ಮನಸ್ಸಿದ್ರೆ ನಾಲ್ಕು ಮಾತು. ಒಂದು, ಫೋನ್‌ನಲ್ಲಿ ಈ ಗೇಮ್ ಬರಲ್ಲ. ಕಂಪ್ಯೂಟರ್ ಅಥವಾ ಕನ್ಸೋಲ್ ಬೇಕು. ಎರಡು, ಆಡ್-ಆನ್‌ಗಳ ಪೂರ್ತಿ ಬೆಲೆ ಜೇಬಿಗೆ ಭಾರ, ಸೇಲ್ ಬರೋ ತನಕ ಕಾಯಿರಿ. ಒಂದೇ ಮಾರ್ಗ ತಗೊಂಡು ಚೆನ್ನಾಗಿ ಕಲಿಯೋದು, ಹತ್ತು ತಗೊಂಡು ಬಿಡೋದಕ್ಕಿಂತ ಮೇಲು. ಮೂರು, ಮೊದಲು ಟ್ರೇನಿಂಗ್ ಪಾಠಗಳನ್ನ ಮುಗಿಸಿ, ಸುರಕ್ಷತೆ ಆಫ್ ಇಟ್ಟು ಬ್ರೇಕ್ ಮೇಲೆ ಕೈ ಕೂರಿಸ್ಕೊಳ್ಳಿ. ಪ್ಲಾಟ್‌ಫಾರ್ಮ್‌ನಲ್ಲಿ ಸರಿಯಾದ ಜಾಗಕ್ಕೆ ನಿಲ್ಲಿಸೋದೇ ಒಂದು ವಿದ್ಯೆ. ಆಮೇಲೆ ಸಿಫಾ, ಅದು ರೂಢಿ ಆದ್ಮೇಲೆ ಪಿಝಡ್‌ಬಿ. ನಾಲ್ಕು, ನೀಲಿ ದೀಪ ಎರಡೂ ಮಿನುಗ್ತಿದ್ರೆ 45. ಇದೊಂದನ್ನ ಚೀಟಿ ಬರೆದು ಸ್ಕ್ರೀನ್ ಪಕ್ಕ ಅಂಟಿಸಿ.

ಈಗ ನಾನು ಆಶಾಫೆನ್‌ಬರ್ಗ್‌ನಿಂದ ಗೆಮುಂಡೆನ್ ತನಕ ಒಂದೂ ತುರ್ತು ಬ್ರೇಕ್ ಇಲ್ಲದೆ ಓಡಿಸ್ತೀನಿ. ಎರಡು ನಿಮಿಷ ಲೇಟು, ಅದು ಬೇರೆ ವಿಷಯ. ಆಡೋವಾಗ ಫೋನ್ ಅಡುಗೆಮನೆಯಲ್ಲಿ ಇರುತ್ತೆ. ಮದುವೆ ಗ್ರೂಪಲ್ಲಿ "ಎಲ್ಲಿ ಹೋದ ಇವನು" ಅಂತ ಕೇಳ್ತಿದ್ದಾರೆ, ಕೇಳಲಿ.

ಒಂದು ಕೆಲಸ ಮಾಡಿ. ಮುಂದಿನ ಸಲ ರೈಲಲ್ಲಿ ಹೋಗುವಾಗ, ಸ್ಟೇಷನ್ ಬಿಟ್ಟ ಮೇಲೂ ರೈಲು ಯಾಕಪ್ಪಾ ತೆವಳ್ತಿದೆ ಅಂತ ಅನ್ಸಿದ್ರೆ, ಬೈಯೋ ಮುಂಚೆ ಮುಂದೆ ಎಂಜಿನ್ನಿನಲ್ಲಿ ಕೂತವರನ್ನ ಒಮ್ಮೆ ನೆನೆಸ್ಕೊಳ್ಳಿ. ಅವರು ಯಾವುದೋ ಹಳದಿ ದೀಪ ನೋಡಿ, ಅದನ್ನ ಗಟ್ಟಿಯಾಗಿ ಹೇಳಿ, ಕೈ ಬ್ರೇಕ್ ಮೇಲೆ ಇಟ್ಟಿರ್ತಾರೆ.

ನಿಮ್ಮ ಮನೇಲಿ, ಬೀದೀಲಿ ಯಾರಾದ್ರೂ ರೈಲ್ವೆಯಲ್ಲಿ ಕೆಲಸ ಮಾಡಿದವರಿದ್ರೆ, ಲೋಕೋ ಪೈಲಟ್ ಆಗ್ಲಿ, ಸ್ಟೇಷನ್ ಮಾಸ್ಟರ್ ಆಗ್ಲಿ, ಹಳಿ ನೋಡಿಕೊಳ್ಳೋರಾಗ್ಲಿ, ಅವರಿಗೆ ಈ ಎಪಿಸೋಡ್ ಕೇಳಿಸಿ. ನಾನು ಆಟದಲ್ಲಿ ಕಲಿತದ್ದು ಅವರು ಡ್ಯೂಟಿಯಲ್ಲಿ ಕಲಿತದ್ದರ ಒಂದು ಚೂರು ಅಷ್ಟೇ. ಅವರ ಕತೆಗಳನ್ನ ಮುಂದಿನ ಎಪಿಸೋಡ್‌ನಲ್ಲಿ ಕೇಳೋ ಆಸೆ ಇದೆ. ಸಿಗೋಣ, ನಮಸ್ಕಾರ.